ಉದ್ಯೋಗಾನ್ವೇಷಣೆ: ಹುದ್ದೆಯೂ ಕಸಬೂ



ಉದ್ಯೋಗವನ್ನು ಸಂಪಾದಿಸುವುದು ಹೇಗೆ, ಸಂಪಾದಿಸಿದ ಉದ್ಯೋಗದ ಸ್ವರೂಪವು ಬದಲಾದಾಗ ಅಥವಾ ಅದು ಕೈತಪ್ಪಿದಾಗ ನಡೆದುಕೊಳ್ಳತಕ್ಕ ಕ್ರಮವೇನು ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದು ನಾವು ಈ ದಿನ ಉದ್ದೇಶಿಸಿದ್ದೇವೆ. ಈ ವಿಷಯದಲ್ಲಿ ಉಪದೇಶ ಮಾಡುವವರಿಗೆ ಕೊರತೆಯಿಲ್ಲ. ಧೈರ್ಯವಾಗಿರು, ಪ್ರಯತ್ನ ಮಾಡು, ಫಲವು ತಾನಾಗಿ ಬರುವುದು ಎಂದು ಹೇಳುವುದು ಸುಲಭ. ಆದರೆ ತಿಂಗಳ ಕೊನೆಯಲ್ಲಿ ದಿನಸಿ ಅಂಗಡಿಯ ಲೆಕ್ಕವನ್ನು ಚುಕ್ತ ಮಾಡಬೇಕಾದವನಿಗೆ ಬರಿಯ ಧೈರ್ಯದ ಮಾತಿನಿಂದ ಪ್ರಯೋಜನವು ಅಷ್ಟಕ್ಕಷ್ಟೆ. ಆದುದರಿಂದ ಒಂದು ಊರಿನ ನಿಜವಾದ ಚರಿತ್ರೆಯನ್ನು ಎದುರಿಗಿಟ್ಟುಕೊಂಡು, ಅದರಿಂದ ನಮಗೆ ದೊರೆಯುವ ಪಾಠವೇನೆಂಬುದನ್ನು ವಿಚಾರ ಮಾಡೋಣ.

ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಕುಂಸಿಗಿಂತ ಮೊದಲು, ಆಯನೂರು ಎಂಬ ಹೋಬಳಿಯ ಊರೊಂದಿದೆ. ಒಂದು ಕಡೆ ಗದ್ದೆ ತೋಟಗಳು, ಇನ್ನೊಂದು ಕಡೆ ಮಲೆನಾಡಿನ ಕಾಡಿನ ಅಂಚು. ಇಂತಹ ಊರುಗಳಲ್ಲಿ ಮನೆಗೊಬ್ಬರಾದರೂ ಪೇಟೆಯ ಸಂಬಳವನ್ನು ನೆಚ್ಚಿಕೊಂಡಿರುವುದು ಈಗ ಸಾಮಾನ್ಯ. ಪದವಿಯ ಪತ್ರವನ್ನು ಕೈಯಲ್ಲಿ ಹಿಡಿದ ತರುಣನು ಇಲ್ಲಿಂದ ಶಿವಮೊಗ್ಗೆಯ ಕಡೆಗೆ ನೋಡುತ್ತಾನೆ. ಶಿವಮೊಗ್ಗೆಯಿಂದ ಮುಂದೆ ಸುಮಾರು ೨೦ ಕಿಲೋಮೀಟರುಗಳಷ್ಟು ಹೋದರೆ ಭದ್ರಾವತಿ. ನೂರು ವರ್ಷಗಳ ಕಾಲ ಈ ಸೀಮೆಯವರ ಬಾಯಲ್ಲಿ “ಕಾರ್ಖಾನೆ” ಎಂದರೆ ಭದ್ರಾವತಿ, “ಕಾರ್ಖಾನೆಯಲ್ಲಿ ಕೆಲಸವಾಯಿತು” ಎಂದರೆ ಜನ್ಮಕ್ಕೆಲ್ಲ ಸಾಕಾಗುವಷ್ಟು ಭದ್ರತೆ ಎಂಬ ಭಾವನೆ ಬೇರೂರಿತ್ತು. ಹೆಣ್ಣು ಕೊಡುವವರು ಅದನ್ನು ಕೇಳಿ ಕೊಡುತ್ತಿದ್ದರು. ಸಾಲ ಕೊಡುವವರು ಅದನ್ನು ನೋಡಿ ಕೊಡುತ್ತಿದ್ದರು. ಆ ಭದ್ರತೆ ಏನಾಯಿತೆಂಬುದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು, ಆ ಕಾರ್ಖಾನೆಯೇ ತನ್ನ ಆಯುಷ್ಯದಲ್ಲಿ ಎಷ್ಟು ಸಾರಿ ಉದ್ಯೋಗವನ್ನು ಹುಡುಕಿಕೊಳ್ಳಬೇಕಾಯಿತೆಂಬುದನ್ನು ಕೇಳಬೇಕು.

ಬೆಂಕಿಪುರವೆಂಬುದು ಭದ್ರಾವತಿಯ ಹಳೆಯ ಹೆಸರು. ಅಲ್ಲಿ ಕುಲುಮೆಯನ್ನು ಕಟ್ಟುವ ಕಾರ್ಯವು ೧೯೧೮ರಲ್ಲಿ ಆರಂಭವಾಯಿತು. ೧೯೨೩ರಲ್ಲಿ ಕಬ್ಬಿಣವು ಕರಗಿ ಹರಿಯಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದುರು, ಭಂಡಿಗುಡ್ಡದಿಂದ ಸುಣ್ಣಕಲ್ಲು, ಮಲೆನಾಡಿನ ಕಾಡುಗಳಿಂದ ಸೌದೆ ಬರುತ್ತಿದ್ದವು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇಲ್ಲದ ಕಾರಣ ಮರದ ಇದ್ದಲಿನಿಂದಲೇ ಅದುರನ್ನು ಕರಗಿಸತಕ್ಕ ಏರ್ಪಾಡು ಅದು. ಆದರೆ ಕಾರ್ಖಾನೆಯನ್ನು ಯೋಚಿಸಿದ ಕಾಲಕ್ಕೂ ಅದು ಕೆಲಸ ಮಾಡತೊಡಗಿದ ಕಾಲಕ್ಕೂ ನಡುವೆ ಮೊದಲನೆಯ ಮಹಾಯುದ್ಧವು ಮುಗಿದು ಕಬ್ಬಿಣದ ಬೆಲೆಯು ಕುಸಿದಿತ್ತು. ಹುಟ್ಟುವಾಗಲೇ ಮಾರುಕಟ್ಟೆಯನ್ನು ಕಳೆದುಕೊಂಡ ಕೂಸಿನಂತೆ ಅದರ ಸ್ಥಿತಿಯಾಯಿತು. ಮುಚ್ಚಿಬಿಡುವುದು ಮೇಲು ಎಂಬ ಮಾತು ಆಗಲೇ ಹುಟ್ಟಿತ್ತು.

ಆ ಸಮಯದಲ್ಲಿ, ಎಂದರೆ ೧೯೨೩ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. ವೆಚ್ಚವನ್ನು ತಗ್ಗಿಸಿದರು; ಪರದೇಶದ ತಜ್ಞರ ಸ್ಥಾನದಲ್ಲಿ ಈ ದೇಶದವರನ್ನು ಕಲಿಸಿ ನಿಲ್ಲಿಸಿದರು. ಸೌದೆಯನ್ನು ಇದ್ದಲು ಮಾಡುವಾಗ ಹೊರಡುವ ಹೊಗೆಯನ್ನು ವ್ಯರ್ಥವಾಗಿ ಬಿಡದೆ ಅದರಿಂದ ಮರದ ಸಾರಾಯಿ, ಟಾರು ಮೊದಲಾದ ಪದಾರ್ಥಗಳನ್ನು ತೆಗೆಯುವ ಏರ್ಪಾಡು ಮೊದಲಿನಿಂದಲೂ ಇದ್ದಿತು. ಮುಂದೆ ಬರಿಯ ಬೀಡುಕಬ್ಬಿಣವನ್ನು ಮಾರುವುದರ ಬದಲಾಗಿ ಅದರಿಂದ ನೀರಿನ ಕೊಳವೆಗಳನ್ನು ಎರಕ ಹೊಯ್ದು ಮಾರಲಾಯಿತು. ೧೯೩೬ರಲ್ಲಿ ಉಕ್ಕು ಬಂದಿತು. ಆ ದಶಕ ಮುಗಿಯುವುದರೊಳಗೆ ಸಿಮೆಂಟೂ ಬಂದಿತು. ಜೋಗದಲ್ಲಿ ೧೯೪೮ರಲ್ಲಿ ವಿದ್ಯುತ್ತು ಉತ್ಪನ್ನವಾಗತೊಡಗಿದ ಮೇಲೆ, ೧೯೫೦ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ನಿಂತವು. ತರುವಾಯ ಮಿಶ್ರಲೋಹದ ವಿಶೇಷ ಉಕ್ಕುಗಳು ಅದರ ಮುಖ್ಯ ಉತ್ಪನ್ನಗಳಾದವು.

ಇಲ್ಲಿ ನಾವು ಗಮನಿಸತಕ್ಕ ಅಂಶ ಒಂದುಂಟು. “ನಾವು ಇದ್ದಲಿನ ಕಬ್ಬಿಣದ ಕಾರ್ಖಾನೆ” ಎಂದು ಆ ಸಂಸ್ಥೆಯು ತನ್ನನ್ನು ತಾನು ವರ್ಣಿಸಿಕೊಂಡು ಕುಳಿತಿದ್ದರೆ ಅದರ ಚರಿತ್ರೆ ಹತ್ತು ವರ್ಷಕ್ಕೆ ಮುಗಿಯುತ್ತಿತ್ತು. ನಮಗೆ ಅದುರು ಕರಗಿಸಲು ಬರುತ್ತದೆ, ಎರಕ ಹೊಯ್ಯಲು ಬರುತ್ತದೆ, ಬೆಂಕಿಯನ್ನು ಹದದಲ್ಲಿ ಇಡಲು ಬರುತ್ತದೆ. ಈ ಶಕ್ತಿಗಳನ್ನು ಯಾರಿಗೆ ಯಾವ ರೂಪದಲ್ಲಿ ಮಾರಬಹುದು ಎಂದು ಕೇಳಿಕೊಂಡುದರಿಂದ ಅದು ಉಳಿಯಿತು. ಮೊದಲನೆಯದು ಹುದ್ದೆಯ ಭಾಷೆ. ಎರಡನೆಯದು ಕಸಬಿನ ಭಾಷೆ. ಹುದ್ದೆಯು ಇನ್ನೊಬ್ಬರು ಕೊಟ್ಟದ್ದು, ಅವರು ಹಿಂದಕ್ಕೆ ತೆಗೆದುಕೊಳ್ಳಬಹುದು. ಕಸಬು ನಮ್ಮ ಕೈಯಲ್ಲಿಯೂ ತಲೆಯಲ್ಲಿಯೂ ಇರತಕ್ಕದ್ದು. ಅದನ್ನು ಯಾವ ಆಜ್ಞಾಪತ್ರವೂ ರದ್ದು ಮಾಡಲಾರದು. ಈ ಭೇದವನ್ನು ಅರಿತುಕೊಳ್ಳುವುದೇ ಉದ್ಯೋಗಾನ್ವೇಷಣೆಯ ಮೊದಲನೆಯ ಮೆಟ್ಟಿಲು ಎಂದು ನಮ್ಮ ಅಭಿಪ್ರಾಯ.

ಇನ್ನು ಆ ಭದ್ರತೆ ಏನಾಯಿತೆಂಬುದಕ್ಕೆ ಬರೋಣ. ಕಾರ್ಖಾನೆಯು ೧೯೬೨ರಲ್ಲಿ ಕಂಪೆನಿಯಾಗಿ, ೧೯೭೬ರಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದು, ೧೯೮೯ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಕೈಗೆ ಹೋಗಿ, ೧೯೯೮ರಲ್ಲಿ ಅದರಲ್ಲಿ ವಿಲೀನವಾಯಿತು. ೨೦೨೩ರ ಜನವರಿಯಲ್ಲಿ ಪ್ರಾಧಿಕಾರದ ಮಂಡಲಿಯು ಅದನ್ನು ಮುಚ್ಚುವ ನಿರ್ಧಾರವನ್ನು ಕೈಗೊಂಡಿತು. ಗುತ್ತಿಗೆಯ ಕೆಲಸಗಾರರು ತಿಂಗಳುಗಟ್ಟಲೆ ಧರಣಿ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಸರಳುಗಳನ್ನು ಮಾಡುವ ವಿಭಾಗವು ಮತ್ತೆ ಚಲಿಸಿತು. ಅದರ ಸೋದರನಂತಿದ್ದ ಮೈಸೂರು ಕಾಗದ ಕಾರ್ಖಾನೆಯು ೧೯೩೬ರಲ್ಲಿ ಸ್ಥಾಪಿತವಾಗಿ, ೧೯೮೦ರ ದಶಕದಿಂದ ವೃತ್ತಪತ್ರಿಕೆಗಳಿಗೆ ಕಾಗದವನ್ನು ಒದಗಿಸುತ್ತಿದ್ದು, ೨೦೧೫ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಒಂದೇ ಊರಿನಲ್ಲಿ ಎರಡು ಒಲೆಗಳು ಹೀಗೆ ತಣ್ಣಗಾದರೆ ಆ ಊರಿನ ಅಂಗಡಿಗಳು, ಶಾಲೆಗಳು, ಬಾಡಿಗೆಯ ಮನೆಗಳು, ಕೊನೆಗೆ ಹೂವು ಮಾರುವ ಹೆಂಗಸಿನ ಬುಟ್ಟಿಯವರೆಗೂ ಅದರ ತಾಪವು ಮುಟ್ಟದೆ ಇರಲಾರದು.

ಇದಕ್ಕೆಲ್ಲ ಕೆಲಸಗಾರನೇ ಹೊಣೆ, ಅವನು ಹೊಸದನ್ನು ಕಲಿಯದೆ ಹೋದ ಕಾರಣ ಹೀಗಾಯಿತು ಎಂದು ಹೇಳುವವರೊಡನೆ ನಾವು ಸೇರತಕ್ಕವರಲ್ಲ. ಬಂಡವಾಳವನ್ನು ಹೂಡುವುದು, ಗಣಿಯನ್ನು ಒದಗಿಸುವುದು, ಯಂತ್ರಗಳನ್ನು ಹೊಸದು ಮಾಡುವುದು ಇವು ಯಾವುವೂ ಕುಲುಮೆಯ ಮುಂದೆ ಬೆವರು ಸುರಿಸುವವನ ಅಧೀನದಲ್ಲಿದ್ದವುಗಳಲ್ಲ. ಆದರೂ ಅವನ ಅಧೀನದಲ್ಲಿ ಇರತಕ್ಕವು ಕೆಲವುಂಟು. ಅವುಗಳನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು, ತನಗೆ ಏನು ಬರುತ್ತದೆಂಬುದನ್ನು ಕಾಗದದ ಮೇಲೆ ಇಳಿಸುವುದು. ಕೆಲಸವನ್ನು ಹುಡುಕುವವರಲ್ಲಿ ಬಹುಮಂದಿ ತಾವು ಏನಾಗಿದ್ದೆವೆಂಬುದನ್ನು ಬರೆಯುತ್ತಾರೆ. ಏನು ಮಾಡಬಲ್ಲೆವೆಂಬುದನ್ನು ಬರೆಯುವುದಿಲ್ಲ. ಒಬ್ಬ ಟರ್ನರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. “ಯಂತ್ರವಿಭಾಗದಲ್ಲಿ ಹನ್ನೆರಡು ವರ್ಷ ನೌಕರಿ” ಎಂದು ಅವನು ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. “ನಕ್ಷೆಯನ್ನು ನೋಡಿ ಲೇತಿನ ಮೇಲೆ ಕೆಲಸ ಮಾಡಬಲ್ಲೆ, ಮೈಕ್ರೋಮೀಟರಿನಿಂದ ಅಳೆದು ಒಪ್ಪಿಸಬಲ್ಲೆ, ರಾತ್ರಿಯ ಪಾಳಿಯಲ್ಲಿ ಆರು ಜನರನ್ನು ನಡೆಸಿದ್ದೇನೆ” ಎಂದು ಬರೆದರೆ, ಆ ಮೂರು ಸಂಗತಿಗಳಲ್ಲಿ ಯಾವುದಾದರೊಂದು ಯಾರಿಗಾದರೂ ಬೇಕಾಗಿರುತ್ತದೆ. ಕಾಗದದ ಕಾರ್ಖಾನೆಯ ಉಗ್ರಾಣದಲ್ಲಿದ್ದ ಗುಮಾಸ್ತೆಯೂ ಹೀಗೆಯೇ. ಅವನು ಬಲ್ಲುದು ಕಾಗದವನ್ನಲ್ಲ. ಸಾವಿರಾರು ಸಾಮಾನುಗಳ ಒಳಬರವನ್ನೂ ಹೊರಹೋಗುವುದನ್ನೂ ಒಂದು ಕಾಸಿನ ವ್ಯತ್ಯಾಸವಿಲ್ಲದೆ ಲೆಕ್ಕದಲ್ಲಿಡುವುದನ್ನು. ಈ ವಿದ್ಯೆಯು ಆಸ್ಪತ್ರೆಗೂ ಬೇಕು, ಅಡಿಕೆಯ ಮಂಡಿಗೂ ಬೇಕು, ಔಷಧದ ದಾಸ್ತಾನಿಗೂ ಬೇಕು.

ಹೊಸದಾಗಿ ಪದವಿ ಪಡೆದವರು “ನಮಗೆ ಅನುಭವವೇ ಇಲ್ಲವಲ್ಲ, ಏನನ್ನು ಬರೆಯೋಣ?” ಎಂದು ಕೇಳುವುದುಂಟು. ಮನೆಯ ತೋಟದ ಕೂಲಿಯ ಲೆಕ್ಕವನ್ನು ನೋಡಿಕೊಂಡವನು, ಹಾಲಿನ ಸಂಘದ ಪುಸ್ತಕವನ್ನು ಬರೆದವಳು, ಊರಿನ ಮಕ್ಕಳಿಗೆ ಗಣಿತವನ್ನು ಹೇಳಿಕೊಟ್ಟವಳು, ಕಾಲೇಜಿನ ಉತ್ಸವಕ್ಕೆ ಚಂದಾ ಎತ್ತಿ ಲೆಕ್ಕ ಒಪ್ಪಿಸಿದವನು, ಇವರೆಲ್ಲರೂ ಕೆಲಸ ಮಾಡಿದವರೇ. ಅದನ್ನು ಹೇಳಿಕೊಳ್ಳಲು ನಾಚಬೇಕಾದುದಿಲ್ಲ. ಉತ್ಪ್ರೇಕ್ಷೆ ಮಾಡಲೂ ಬಾರದು. ಬರದ ವಿದ್ಯೆಯನ್ನು ಬರುತ್ತದೆಂದು ಬರೆದವನು ಮೊದಲನೆಯ ವಾರದಲ್ಲಿಯೇ ಸಿಕ್ಕಿಬೀಳುತ್ತಾನೆ.

ಎರಡನೆಯದು, ಎಲ್ಲಿ ಹುಡುಕಬೇಕೆಂಬುದು. ಪತ್ರಿಕೆಯಲ್ಲಿಯೂ ಅಂತರ್ಜಾಲದಲ್ಲಿಯೂ ಪ್ರಕಟವಾಗುವ ಜಾಹೀರಾತಿಗೆ ಸಾವಿರ ಮಂದಿ ಅರ್ಜಿ ಹಾಕುತ್ತಾರೆ. ಸಣ್ಣ ಕಾರ್ಖಾನೆಯ ಕೆಲಸವಾದರೋ ಬಹುವೇಳೆ ಜಾಹೀರಾತಿನವರೆಗೆ ಹೋಗುವುದೇ ಇಲ್ಲ. ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಎರಕದ ಕಾರ್ಖಾನೆಗಳೂ ಸಿದ್ಧ ಉಡುಪನ್ನು ಹೊಲಿಯುವ ಕಾರ್ಖಾನೆಯೂ ಇವೆ. ಕಬ್ಬಿಣವನ್ನು ಎರಕ ಹೊಯ್ಯುವ ವಿದ್ಯೆಯು ಈ ಸೀಮೆಯಲ್ಲಿ ಒಂದು ಶತಮಾನದಿಂದ ನೆಲೆಯಾಗಿರುವಾಗ, ಅಚ್ಚು ಕೂಡಿಸುವವನಿಗೂ ಲೋಹವನ್ನು ಪರೀಕ್ಷಿಸುವವನಿಗೂ ಮೊದಲು ವಿಚಾರಿಸತಕ್ಕ ಸ್ಥಳ ಬೆಂಗಳೂರಲ್ಲ, ಮನೆಯ ಪಕ್ಕದ ಈ ಪ್ರದೇಶ. ಅಲ್ಲಿ ಯಾವ ಕಾರ್ಖಾನೆಗೆ ಹೊಸ ಆರ್ಡರು ಬಂದಿದೆ, ಯಾವುದು ಎರಡನೆಯ ಪಾಳಿಯನ್ನು ತೆರೆಯುತ್ತಿದೆ ಎಂಬ ಸುದ್ದಿ ಮೊದಲು ತಿಳಿಯುವುದು ಲಾರಿಯವರಿಗೆ, ಊಟದ ಮನೆಯವರಿಗೆ, ಯಂತ್ರ ದುರಸ್ತಿಯವರಿಗೆ. ಅವರೊಡನೆ ಮಾತನಾಡುವುದು ಗೌರವಕ್ಕೆ ಕುಂದೆಂದು ಎಣಿಸುವ ವಿದ್ಯಾವಂತನು ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತಾನೆ.

ಪರಿಚಯದಿಂದ ಕೆಲಸವನ್ನು ವಿಚಾರಿಸುವುದು ಬೇರೆ, ಶಿಫಾರಸಿನಿಂದ ಕೆಲಸವನ್ನು ಕಸಿಯುವುದು ಬೇರೆ. “ನನಗೆ ಒಂದು ಕೆಲಸ ಕೊಡಿಸಿ” ಎಂದು ಕೇಳಿದರೆ ಕೇಳಿಸಿಕೊಂಡವನಿಗೆ ಸಂಕಟ. “ನಿಮ್ಮ ಕಾರ್ಖಾನೆಯಲ್ಲಿ ಈ ಕೆಲಸಕ್ಕೆ ಯಾವ ಯಂತ್ರವನ್ನು ಕಲಿತಿರಬೇಕು? ಯಾರನ್ನು ಕಂಡು ಕೇಳಬೇಕು?” ಎಂದರೆ ಅವನು ಸಂತೋಷದಿಂದ ಹೇಳುತ್ತಾನೆ. ಮೊದಲನೆಯ ಪ್ರಶ್ನೆಗೆ ಉತ್ತರ “ನೋಡೋಣ” ಎಂಬುದು. ಎರಡನೆಯದಕ್ಕೆ ಉತ್ತರ ಒಂದು ಹೆಸರು, ಒಂದು ಸಮಯ, ಒಂದು ವಿಳಾಸ.

ಸರ್ಕಾರದ ಏರ್ಪಾಡುಗಳನ್ನೂ ಉಪೇಕ್ಷಿಸತಕ್ಕದ್ದಲ್ಲ. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸಿಪಾಯಿಗಳಿಗೆ ದಾರಿ ಮಾಡಿಕೊಡುವುದಕ್ಕಾಗಿ ೧೯೪೫ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳ ಏರ್ಪಾಡು ನಮ್ಮ ದೇಶದಲ್ಲಿ ಹುಟ್ಟಿತು. ೨೦೧೫ರಲ್ಲಿ ಅದಕ್ಕೆ ರಾಷ್ಟ್ರೀಯ ವೃತ್ತಿ ಸೇವೆಯೆಂಬ ಅಂತರ್ಜಾಲದ ರೂಪವೂ ಬಂದಿತು. ೧೯೬೧ರ ಶಿಶಿಕ್ಷು ಕಾಯಿದೆಯ ಮೇರೆಗೆ ಕಾರ್ಖಾನೆಗಳಲ್ಲಿ ವೇತನ ಪಡೆದು ಕಸಬು ಕಲಿಯುವ ಅವಕಾಶ ಉಂಟು. ಪದವಿ ಪಡೆದ ಮೇಲೆ ಮತ್ತೊಂದು ಪದವಿಗೆ ಓಡುವುದಕ್ಕಿಂತ, ಒಂದು ವರ್ಷ ಶಿಶಿಕ್ಷುವಾಗಿ ಕೈಯನ್ನು ಮಸಿ ಮಾಡಿಕೊಳ್ಳುವುದು ಅನೇಕರಿಗೆ ಹೆಚ್ಚು ಹಿತವಾದೀತು. ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ ೩೦೦೦ ರೂಪಾಯಿಗಳನ್ನೂ ಡಿಪ್ಲೊಮಾ ಪಡೆದವರಿಗೆ ೧೫೦೦ ರೂಪಾಯಿಗಳನ್ನೂ ಗರಿಷ್ಠ ಎರಡು ವರ್ಷಗಳ ಕಾಲ ಕೊಡತಕ್ಕ ಯುವನಿಧಿ ಯೋಜನೆಯ ಹಣವನ್ನು ರಾಜ್ಯ ಸರ್ಕಾರವು ಮೊದಲು ವಿತರಣೆ ಮಾಡಿದುದು ಶಿವಮೊಗ್ಗೆಯಲ್ಲಿಯೇ, ೨೦೨೪ರ ಜನವರಿ ೧೨ರಂದು. ಅಂತಹ ಹಣವನ್ನು ಪಡೆಯುವವರು ಅದನ್ನು ಕಾಯುವ ಕೂಲಿಯೆಂದು ಭಾವಿಸದೆ, ಬಸ್ಸಿನ ಖರ್ಚಿಗೂ ಕಲಿಯುವ ಖರ್ಚಿಗೂ ಬಳಸುವುದಾದರೆ ಅದಕ್ಕೆ ಬೆಲೆ ಬರುತ್ತದೆ.

ಮೂರನೆಯದು, ಅರ್ಜಿ ಮತ್ತು ಸಂದರ್ಶನ. ಒಂದೇ ಅರ್ಜಿಯನ್ನು ನೂರು ಕಡೆಗೆ ಕಳುಹಿಸುವುದರಿಂದ ಅಂಚೆಯ ಖರ್ಚು ಈಗ ತಗಲುವುದಿಲ್ಲವಾದರೂ ಆಸೆಯ ಖರ್ಚು ತಗಲುತ್ತದೆ. ಹತ್ತು ಸ್ಥಳಗಳನ್ನು ಆರಿಸಿ, ಅಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿದು, ಅದಕ್ಕೆ ತಕ್ಕಂತೆ ಹತ್ತು ಅರ್ಜಿಗಳನ್ನು ಬರೆಯುವುದು ಮೇಲು. ಒಂದು ಪುಟ ಸಾಕು. ಕಳುಹಿಸಿದ ದಿನವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಹತ್ತು ಹದಿನೈದು ದಿನಗಳಾದ ಮೇಲೆ ಒಂದು ಸಾರಿ ವಿನಯದಿಂದ ವಿಚಾರಿಸಬೇಕು. ಸಂದರ್ಶನಕ್ಕೆ ಕರೆ ಬಂದರೆ ಮೂಲ ಪತ್ರಗಳನ್ನು ತೋರಿಸಲು ಒಯ್ಯಬೇಕು, ಒಪ್ಪಿಸಲು ನಕಲುಗಳನ್ನು ಮಾತ್ರ ಕೊಡಬೇಕು. ಹಿಂದಿನ ಯಜಮಾನರನ್ನು ದೂರಬಾರದು. ಆ ದೂರು ಎಷ್ಟೇ ನ್ಯಾಯವಾದುದಾಗಿದ್ದರೂ ಕೇಳುವವನು ನಾಳೆ ತನ್ನ ಸರದಿಯೆಂದು ಎಣಿಸುತ್ತಾನೆ. ಕೆಲಸ ಏಕೆ ಹೋಯಿತೆಂದು ಕೇಳಿದರೆ “ಉತ್ಪಾದನೆ ನಿಂತಿತು, ನಮ್ಮ ವಿಭಾಗವನ್ನು ಮುಚ್ಚಿದರು” ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಿನ ಮಾತಿಗೆ ಹೋಗಬೇಕು. ಅದರಲ್ಲಿ ತಲೆ ತಗ್ಗಿಸತಕ್ಕದ್ದು ಏನೂ ಇಲ್ಲ.

ಕೇಳುವ ಹಕ್ಕು ಅಭ್ಯರ್ಥಿಗೂ ಉಂಟು. ಸಂಬಳವೆಷ್ಟು, ಪಾಳಿ ಯಾವುದು, ನೇಮಕ ಮಾಡುವವರು ಕಾರ್ಖಾನೆಯವರೋ ಗುತ್ತಿಗೆದಾರರೋ, ಭವಿಷ್ಯ ನಿಧಿಯನ್ನು ಕಟ್ಟುತ್ತಾರೋ ಇಲ್ಲವೋ, ನೇಮಕದ ಪತ್ರವನ್ನು ಎಂದು ಕೊಡುತ್ತಾರೆ, ಇವಿಷ್ಟನ್ನು ಮೆಲುದನಿಯಲ್ಲಿ ಕೇಳಿದರೆ ಯಾವ ಮರ್ಯಾದಸ್ಥನೂ ಕೋಪಿಸಿಕೊಳ್ಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೆಲಸ ಕೊಡುವವನು ಕೆಲಸಗಾರನಿಗೆ ಹಣ ಕೊಡುತ್ತಾನೆಯೇ ಹೊರತು ಅವನಿಂದ ತೆಗೆದುಕೊಳ್ಳುವುದಿಲ್ಲ. ನೋಂದಣಿಯ ಶುಲ್ಕ, ತರಬೇತಿಯ ಠೇವಣಿ, ಸಮವಸ್ತ್ರದ ಮುಂಗಡ ಎಂದು ಯಾರಾದರೂ ಮೊದಲೇ ಹಣವನ್ನು ಕೇಳಿದರೆ ಅಲ್ಲಿಂದ ಎದ್ದು ಬರತಕ್ಕದ್ದು. ಪರದೇಶಕ್ಕೆ ಕಳುಹಿಸುತ್ತೇವೆನ್ನುವವರು ೧೯೮೩ರ ವಲಸೆ ಕಾಯಿದೆಯ ಮೇರೆಗೆ ನೋಂದಾಯಿತರಾದ ಏಜೆಂಟರೇ ಎಂಬುದನ್ನು ಪರೀಕ್ಷಿಸದೆ ರಹದಾರಿಯನ್ನು ಅವರ ಕೈಗೆ ಕೊಡಬಾರದು. ಕೆಲಸವಿಲ್ಲದ ಮನೆಯಲ್ಲಿ ಒಡವೆಯನ್ನು ಅಡವಿಟ್ಟು ಇಂತಹವರಿಗೆ ಸುರಿಯುವುದಕ್ಕಿಂತ ದುಃಖಕರವಾದ ಸಂಗತಿ ಮತ್ತೊಂದಿಲ್ಲ.

ಇಷ್ಟು ಕೆಲಸವನ್ನು ಹುಡುಕುವವರ ವಿಷಯ. ಈಗ ಕೆಲಸದಲ್ಲಿ ಇರುವವರ ವಿಷಯಕ್ಕೆ ಬರೋಣ. ಅವರಿಗೆ ಈ ಮಾತುಗಳು ಬೇಡವೆಂದು ತೋರಬಹುದು. ವಾಸ್ತವವಾಗಿ ಅವರಿಗೇ ಹೆಚ್ಚು ಬೇಕು. ಬದಲಾವಣೆಯು ಸಿಡಿಲಿನಂತೆ ಎರಗುವುದು ಅಪರೂಪ. ಅದಕ್ಕೆ ಮುಂಚೆ ಕೆಲವು ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕೆಟ್ಟ ಯಂತ್ರವನ್ನು ದುರಸ್ತಿ ಮಾಡಿಸುವುದಿಲ್ಲ. ನಿವೃತ್ತರಾದವರ ಜಾಗಕ್ಕೆ ಹೊಸಬರು ಬರುವುದಿಲ್ಲ. ಖಾಯಂ ಕೆಲಸವು ಮೆಲ್ಲಮೆಲ್ಲನೆ ಗುತ್ತಿಗೆಗೆ ಜಾರುತ್ತದೆ. ಸಾಮಾನು ಒದಗಿಸುವ ವರ್ತಕನಿಗೆ ಹಣವು ತಡವಾಗುತ್ತದೆ. ಸಂಬಳದ ತಾರೀಕು ಹಿಂದಕ್ಕೆ ಸರಿಯುತ್ತದೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡಾಗ ಗಾಬರಿಯಾಗಬೇಕಾದುದಿಲ್ಲ, ಸಿದ್ಧತೆ ಮಾಡಿಕೊಳ್ಳಬೇಕು.

ಸಿದ್ಧತೆಯೆಂದರೆ ಏನು? ಮೊದಲು ಕಾಗದಗಳು. ನೇಮಕದ ಪತ್ರ, ಸಂಬಳದ ಚೀಟಿಗಳು, ಬಡ್ತಿಯ ಆಜ್ಞೆ, ತರಬೇತಿಯ ಪ್ರಮಾಣಪತ್ರ, ಭವಿಷ್ಯ ನಿಧಿಯ ಸಂಖ್ಯೆ, ಇವುಗಳ ನಕಲುಗಳು ಮನೆಯಲ್ಲಿರಬೇಕು. ಕಚೇರಿಯ ಕಪಾಟಿನಲ್ಲಿ ಮಾತ್ರ ಇದ್ದರೆ ಸಾಲದು. ಬೀಗ ಬಿದ್ದ ಕಚೇರಿಯಿಂದ ಒಂದು ಹಾಳೆಯನ್ನು ಹೊರತೆಗೆಯುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು. ಆಮೇಲೆ ಮೂರು ನಾಲ್ಕು ತಿಂಗಳ ಮನೆಯ ಖರ್ಚಿಗಾಗುವಷ್ಟು ಉಳಿತಾಯ. ಅದರ ಜೊತೆಗೆ ಹೊಸ ಯಂತ್ರದ ಪರಿಚಯ. ಕಾರ್ಖಾನೆಗೆ ಗಣಕದಿಂದ ನಡೆಯುವ ಲೇತು ಬಂದಾಗ “ಇದು ಹುಡುಗರ ಆಟ” ಎಂದು ಹಳಬರು ದೂರ ನಿಲ್ಲುವುದುಂಟು. ಲೋಹವು ಯಾವಾಗ ಕಾಯುತ್ತದೆ, ಉಳಿ ಯಾವಾಗ ಮೊಂಡಾಗುತ್ತದೆ ಎಂಬುದನ್ನು ಕಿವಿಯಿಂದಲೇ ತಿಳಿಯಬಲ್ಲ ಹಳಬನು ಆ ಹೊಸ ಯಂತ್ರದ ಗುಂಡಿಗಳನ್ನು ಕಲಿತರೆ ಅವನ ಸಮಾನರು ಸಿಕ್ಕುವುದು ಕಷ್ಟ. ಕಿರಿಯನಿಂದ ಕಲಿಯುವುದರಲ್ಲಿ ಅಪಮಾನವಿಲ್ಲ. “ತಮ್ಮಾ, ಇದನ್ನು ಒಂದಿಷ್ಟು ತೋರಿಸು” ಎಂದು ಹಿರಿಯನು ಕೇಳಿದರೆ ಅವನ ಮರ್ಯಾದೆ ಹೆಚ್ಚುವುದೇ ವಿನಾ ಕುಗ್ಗುವುದಿಲ್ಲ.

ಆಡಳಿತವು ಕೈ ಬದಲಾಯಿಸಿದಾಗ ಹೊಸ ಅಧಿಕಾರಿಗಳು ಬರುತ್ತಾರೆ. ಹಳೆಯ ಕ್ರಮವೇ ಮೇಲಾಗಿತ್ತೆಂದು ದಿನಕ್ಕೆ ಹತ್ತು ಸಾರಿ ಹೇಳುವವನೂ, ಹೊಸಬರ ಮುಂದೆ ಹಳಬರನ್ನು ಹಳಿಯುವವನೂ ಇಬ್ಬರೂ ನಂಬಿಕೆಯನ್ನು ಕಳೆದುಕೊಳ್ಳುತ್ತಾರೆ. ಹಳೆಯ ಕ್ರಮದಲ್ಲಿ ಏನು ಏತಕ್ಕಾಗಿ ನಡೆಯುತ್ತಿತ್ತೆಂಬುದನ್ನು ಬರೆದು ಕೊಡಬಲ್ಲವನು ಎರಡೂ ಕಡೆಗೆ ಬೇಕಾದವನಾಗುತ್ತಾನೆ.

ಕೆಲಸವು ಹೋಗುವ ಸಂದರ್ಭವೇ ಬಂದರೆ ನ್ಯಾಯವಾದ ಹಕ್ಕುಗಳೇನೆಂಬುದನ್ನು ತಿಳಿದಿರಬೇಕು. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಗೆ ೧೯೫೩ರಲ್ಲಿ ಸೇರಿಸಲ್ಪಟ್ಟ ನಿಯಮಗಳ ತತ್ತ್ವವು, ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದುಕೊಂಡಿದೆ. ಒಂದು ವರ್ಷ ಎಡೆಬಿಡದೆ ದುಡಿದ ಕೆಲಸಗಾರನನ್ನು ಹೆಚ್ಚಾದನೆಂಬ ಕಾರಣದಿಂದ ತೆಗೆಯಬೇಕಾದರೆ ಒಂದು ತಿಂಗಳ ಲಿಖಿತ ಸೂಚನೆಯನ್ನಾಗಲಿ ಅದಕ್ಕೆ ಬದಲಾಗಿ ಸಂಬಳವನ್ನಾಗಲಿ ಕೊಡಬೇಕು. ದುಡಿದ ಪ್ರತಿಯೊಂದು ವರ್ಷಕ್ಕೂ ೧೫ ದಿನಗಳ ಸರಾಸರಿ ಸಂಬಳವನ್ನು ಪರಿಹಾರವಾಗಿ ಕೊಡಬೇಕು. ಸಾಮಾನ್ಯವಾಗಿ ಕೊನೆಗೆ ಬಂದವನು ಮೊದಲು ಹೋಗತಕ್ಕದ್ದು. ಅದೇ ದಿನ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವನಿಗೂ ತೆಗೆಯಲ್ಪಟ್ಟವನಿಗೂ ಬರತಕ್ಕ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಸಲ್ಲಿಸಬೇಕು. ಐದು ವರ್ಷ ದುಡಿದವನಿಗೆ ಉಪದಾನವು ಸಲ್ಲುತ್ತದೆ. ಗೊತ್ತಾದ ಅವಧಿಗೆ ನೇಮಕವಾದವನಿಗೆ ಈಗ ಒಂದು ವರ್ಷಕ್ಕೇ ಸಲ್ಲುತ್ತದೆ.

ಇದರಲ್ಲಿ ಒಂದು ಸೂಕ್ಷ್ಮವುಂಟು. ಸ್ವಇಚ್ಛೆಯ ನಿವೃತ್ತಿಯ ಪತ್ರಕ್ಕೆ ಸಹಿ ಹಾಕಿದವನು ಕಾನೂನಿನ ದೃಷ್ಟಿಯಲ್ಲಿ ತೆಗೆಯಲ್ಪಟ್ಟವನಲ್ಲ, ತಾನಾಗಿ ಬಿಟ್ಟವನು. ಮೇಲೆ ಹೇಳಿದ ಪರಿಹಾರದ ನಿಯಮಗಳು ಅವನಿಗೆ ಅನ್ವಯಿಸುವುದಿಲ್ಲ. ಪರಿಹಾರದ ಮಟ್ಟಿಗೆ ಆ ಪತ್ರದಲ್ಲಿ ಬರೆದಿರುವುದಷ್ಟೇ ಅವನ ಪಾಲು. ಆದುದರಿಂದ ಒಂದು ರಾತ್ರಿಯಾದರೂ ಅದನ್ನು ಮನೆಗೆ ತಂದು, ಬಲ್ಲವರ ಕೈಯಲ್ಲಿ ಓದಿಸಿ, ಮನೆಯವರೊಡನೆ ಕುಳಿತು ಲೆಕ್ಕ ಹಾಕದೆ ಸಹಿ ಹಾಕಬಾರದು. ಕೋಪದಲ್ಲಿ ಬರೆದ ರಾಜೀನಾಮೆಗೂ ಇದೇ ಮಾತು.

ಒಟ್ಟಿಗೆ ಬಂದ ಹಣದ ವಿಷಯದಲ್ಲಿಯೂ ವಿವೇಕವು ಅಗತ್ಯ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆ ಹಣದಿಂದ ಮೊದಲು ಹೆಚ್ಚು ಬಡ್ಡಿಯ ಸಾಲವನ್ನು ತೀರಿಸಿ, ಉಳಿದುದನ್ನು ಬ್ಯಾಂಕಿನಲ್ಲಿ ಇಟ್ಟು, ಆರು ತಿಂಗಳವರೆಗೆ ಯಾವ ಹೊಸ ವ್ಯಾಪಾರಕ್ಕೂ ಕೈ ಹಾಕದಿರುವುದು ಕ್ಷೇಮ. ಭವಿಷ್ಯ ನಿಧಿಯನ್ನು ಕೂಡಲೇ ಹಿಂದಕ್ಕೆ ತೆಗೆಯುವ ಚಪಲವೂ ಒಳ್ಳೆಯದಲ್ಲ. ೧೯೯೫ರ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಒಟ್ಟು ಹತ್ತು ವರ್ಷಗಳ ಸೇವೆ ಬೇಕು. ಹಳೆಯ ಕೆಲಸದ ಏಳು ವರ್ಷಗಳನ್ನು ಹೊಸ ಕೆಲಸದ ಲೆಕ್ಕಕ್ಕೆ ವರ್ಗಾಯಿಸಿಕೊಂಡರೆ ಮೂರು ವರ್ಷ ಮಾತ್ರ ಸಾಕಾಗುತ್ತದೆ. ಹಿಂದಕ್ಕೆ ತೆಗೆದುಕೊಂಡವನು ಮತ್ತೆ ಮೊದಲಿನಿಂದ ಎಣಿಸಬೇಕು.

ಮನೆಯ ವಿಷಯವನ್ನು ಹೇಳದೆ ಈ ಭಾಷಣವನ್ನು ಮುಗಿಸಲಾಗದು. ಕೆಲಸ ಹೋದವನು ಮೊದಲು ಮಾಡುವ ತಪ್ಪು, ಅದನ್ನು ಮನೆಯಲ್ಲಿ ಮುಚ್ಚಿಡುವುದು. ಎಂದಿನಂತೆ ಬುತ್ತಿಯನ್ನು ಕಟ್ಟಿಸಿಕೊಂಡು ಹೊರಟು, ಸಂಜೆಯವರೆಗೆ ಎಲ್ಲಿಯೋ ಕಾಲ ಕಳೆದು ಬರುವುದರಿಂದ ಸಾಲವೂ ಬೆಳೆಯುತ್ತದೆ, ಸುಳ್ಳೂ ಬೆಳೆಯುತ್ತದೆ. ಮೊದಲನೆಯ ದಿನವೇ ಹೇಳಿದರೆ ಹೆಂಡತಿಯು ಖರ್ಚನ್ನು ಹಿಡಿಯಬಲ್ಲಳು, ಮಗಳು ತನ್ನ ಗೆಳತಿಯ ತಂದೆಯನ್ನು ವಿಚಾರಿಸಬಲ್ಲಳು, ಅಣ್ಣನು ಎರಡು ತಿಂಗಳು ಕೈ ಹಿಡಿಯಬಲ್ಲನು. ಕೆಲಸವಿಲ್ಲದ ದಿನಗಳಿಗೂ ಒಂದು ವೇಳಾಪಟ್ಟಿ ಬೇಕು. ಬೆಳಗಿನ ಹೊತ್ತು ಹುಡುಕುವುದಕ್ಕೆ, ಮಧ್ಯಾಹ್ನ ಕಲಿಯುವುದಕ್ಕೆ, ಸಂಜೆ ಮನೆಯ ಕೆಲಸಕ್ಕೆ ಎಂದು ಹಂಚಿಕೊಂಡವನ ಮನಸ್ಸು ಕೆಡುವುದಿಲ್ಲ. ಕಡಮೆ ಸಂಬಳದ ಕೆಲಸವು ಮೊದಲು ದೊರೆತರೆ, ಅದು ತನ್ನ ಕಸಬಿಗೆ ಹತ್ತಿರದ್ದಾಗಿದ್ದರೆ ಸ್ವೀಕರಿಸಬಹುದು. ಕಸಬನ್ನೇ ಮರೆಸುವಂತಹದಾಗಿದ್ದರೆ ಅದು ಎಷ್ಟು ಕಾಲಕ್ಕೆಂಬುದನ್ನು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡು ಸೇರಬೇಕು.

ಹಾಗೆಯೇ, ಸಂಪಾದಿಸತಕ್ಕವನು ಗಂಡಸೊಬ್ಬನೇ ಎಂಬ ಎಣಿಕೆಯನ್ನೂ ಬಿಡಬೇಕಾಗಿದೆ. ಸಿದ್ಧ ಉಡುಪಿನ ಕಾರ್ಖಾನೆಗಳ ಪಾಳಿಯನ್ನು ನಡೆಸುತ್ತಿರುವವರಲ್ಲಿ ಹೆಚ್ಚಿನವರು ಹೆಂಗಸರು. ಹಾಗೆ ಮನೆಯೊಂದನ್ನು ಹೆಂಗಸಿನ ಸಂಬಳವು ನಿಲ್ಲಿಸಿರುವಾಗ ಗಂಡನು ಅಡಿಗೆಮನೆಯನ್ನು ನೋಡಿಕೊಳ್ಳುವುದು ನಗೆಗೀಡಾಗತಕ್ಕ ವಿಷಯವಲ್ಲ.

ಕೊನೆಯ ಮಾತು ನಮ್ಮಂತಹವರಿಗೆ, ಎಂದರೆ ಸದ್ಯಕ್ಕೆ ಸುರಕ್ಷಿತರಾಗಿ ಕುಳಿತು ಕೇಳುತ್ತಿರುವವರಿಗೆ. ಭದ್ರಾವತಿಯ ಕಾರ್ಖಾನೆಯಲ್ಲಿ ತಾವು ಮಾಡಿದ ಸೇವೆಗಾಗಿ ಸಲ್ಲತಕ್ಕ ಹಣವನ್ನು ವಿಶ್ವೇಶ್ವರಯ್ಯನವರು ತಮಗಾಗಿ ತೆಗೆದುಕೊಳ್ಳದೆ, ತರುಣರಿಗೆ ಕಸಬುಗಳನ್ನು ಕಲಿಸುವ ವಿದ್ಯಾಲಯವೊಂದಕ್ಕೆ ವಿನಿಯೋಗವಾಗಲೆಂದು ಕೇಳಿಕೊಂಡರು. ೧೯೪೩ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರನ್ನು ಇಡಿಸಿಕೊಳ್ಳದೆ ಶ್ರೀ ಜಯಚಾಮರಾಜೇಂದ್ರ ಒಡೆಯರವರ ಹೆಸರನ್ನು ಇಡಿಸಿದರು. ಒಬ್ಬರ ಹುದ್ದೆಯಿಂದ ಬಂದ ಹಣವು ಅನೇಕರ ಕಸಬಾಗಿ ಮಾರ್ಪಟ್ಟಿತು. ಅಷ್ಟು ದೊಡ್ಡ ಕೆಲಸವನ್ನು ಮಾಡುವ ಶಕ್ತಿ ನಮಗಿಲ್ಲ. ಆದರೆ ಆಯನೂರಿನ ಹುಡುಗಿಯೊಬ್ಬಳ ಅರ್ಜಿಯನ್ನು ಕುಳಿತು ಓದಿ ತಿದ್ದಿಕೊಡುವುದು, ಕೆಲಸ ಕಳೆದುಕೊಂಡ ಫಿಟ್ಟರೊಬ್ಬನನ್ನು ಬಲ್ಲವರ ಬಳಿಗೆ ಕಳುಹಿಸುವುದು, “ಆಗುವುದಿಲ್ಲ” ಎಂಬ ಉತ್ತರವನ್ನಾದರೂ ತಡಮಾಡದೆ ತಿಳಿಸುವುದು, ಇವು ನಮ್ಮ ಕೈಯಲ್ಲಿವೆ. ಇವುಗಳಿಗೆ ಅರ್ಧ ಗಂಟೆಯ ಹೊರತು ಬೇರೆ ಖರ್ಚಿಲ್ಲ. ಆ ಅರ್ಧ ಗಂಟೆಯು ಒಂದು ಸಂಸಾರಕ್ಕೆ ಆರು ತಿಂಗಳನ್ನು ಉಳಿಸಿಕೊಡಬಹುದು.